ಶುಗರ್ ಇತ್ತಂತೆ!

2020, 2021ರಲ್ಲಿ ಯಾರಾದರೂ ಕೊರೋನಾ ಬಂದು ತೀರಿಕೊಂಡರು ಅಂತ ಫೋನ್ ಬಂದರೆ, ‘ಅಯ್ಯೋ ಪಾಪ’ ಆದಮೇಲೆ ಬರುತ್ತಿದ್ದ ಎರಡನೇ ಮಾತು ಯಾವುದು, ನೆನಪಿದೆಯಾ? ‘ಶುಗರ್ ಇತ್ತಾ?’ ಆ ಕಡೆಯಿಂದ ‘ಹೂಂ, ಶುಗರ್ ಇತ್ತಂತೆ’ ಅಂತ ಉತ್ತರ ಬಂದರೆ ಈ ಕಡೆ ಒಂದು ನಿಟ್ಟುಸಿರು. ಸದ್ಯ, ನಮಗಿಲ್ಲವಲ್ಲ ಅನ್ನೋ ನಿಟ್ಟುಸಿರು. ‘ಇರಲಿಲ್ಲವಂತೆ’ ಅಂತೇನಾದರೂ ಬಂದರೆ ಮಾತ್ರ ನಿಜವಾದ ಗಾಬರಿ.

ಆ ನಿಟ್ಟುಸಿರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಎಲ್ಲ ಮುಗಿದು ವರ್ಷಗಳಾದವು, ಈಗ್ಯಾಕೆ ಮಾರಾಯ್ರೆ ಇದೆಲ್ಲ ಅಂತ ಕೇಳ್ತೀರೇನೋ. ಮುಗಿದಿಲ್ಲ ಅನ್ನೋದೇ ನನ್ನ ತಕರಾರು. 2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಟೀವಿಯಲ್ಲಿ ಬಂದವಲ್ಲ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತರಲ್ಲ, ಆಗಲೂ ಅದೇ ಪ್ರಶ್ನೆ. ‘ಶುಗರ್ ಇತ್ತಾ?’ ಗಾಬರಿಪಡುವಂಥ ಏರಿಕೆ ಏನೂ ಇಲ್ಲ ಅಂತ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹೇಳೋ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಶುಗರ್ ಇದ್ದವರ ನಿದ್ದೆ ಹೋಗಿ ವಾರಗಳಾಗಿದ್ದವು. ಪ್ರಶ್ನೆ ಕೇಳಿದವರು ಕೇಳಿ ಮರೆತರು. ಅದನ್ನ ಕೇಳಿಸಿಕೊಂಡು ಪಕ್ಕದಲ್ಲೇ ಕೂತಿದ್ದವರ ಕಥೆ?

ಕೋವಿಡ್ ಕಾಲದ ನಮ್ಮ ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ನೆನಪು ಮಾಡಿಕೊಳ್ಳಿ. ಸಂಜೆಯಾದರೆ ಪಿಡಿಎಫ್ಫು ವಾಟ್ಸಾಪಿನಲ್ಲಿ ಹಾಜರು. ಸತ್ತವರ ಪಟ್ಟಿ ಒಂದು ಟೇಬಲ್ಲು. ರೋಗಿ ಸಂಖ್ಯೆ, ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ರೋಗಲಕ್ಷಣ, ಆಮೇಲೆ ‘ಕೊಮಾರ್ಬಿಡಿಟಿ’. ಆ ಕಾಲಮ್ಮಿನಲ್ಲಿ ಸಾಲಾಗಿ ‘ಡಿಎಂ’, ‘ಡಿಎಂ, ಎಚ್‌ಟಿಎನ್’. ಅಂದರೆ ಸಕ್ಕರೆ ಕಾಯಿಲೆ, ಬಿಪಿ. ಲೆಕ್ಕ ಇಟ್ಟಿದ್ದು ತಪ್ಪು ಅಂತ ಹೇಳ್ತಿಲ್ಲ, ಡಾಕ್ಟರುಗಳಿಗೆ ಆ ಲೆಕ್ಕ ಬೇಕು. ಆದರೆ ಅದನ್ನ ದಿನಾ ಸಂಜೆ ಊರಿಗೆಲ್ಲ ಹಂಚಿದ ರೀತಿ ಇದೆಯಲ್ಲ... ಕೋಡ್ ಬರೆದು ಹೊಟ್ಟೆ ಹೊರೆಯೋ ಯಾರನ್ನಾದರೂ ಕೇಳಿ, ಅದು ಒಂದು ಬೂಲಿಯನ್ ಕಾಲಮ್ಮು ಅಷ್ಟೇ. ಹೌದು, ಇಲ್ಲ. ಎಷ್ಟು ವರ್ಷದಿಂದ, ಹತೋಟಿಯಲ್ಲಿತ್ತಾ, ಕಿಡ್ನಿ ಹೇಗಿತ್ತು, ಒಂದೂ ಇಲ್ಲ. ಛೇದವಂತೂ ಇಲ್ಲವೇ ಇಲ್ಲ. ಶುಗರ್ ಇದ್ದೂ ಕೋವಿಡ್ ಬಂದು ವಾಸಿಯಾಗಿ ಮನೆಗೆ ಹೋದವರ ಟೇಬಲ್ಲು ಯಾವ ಸಂಜೆಯೂ ನಮ್ಮ ವಾಟ್ಸಾಪಿಗೆ ಬರಲಿಲ್ಲ.

ಛೇದ ಎಷ್ಟು ದೊಡ್ಡದು ಗೊತ್ತಾ? 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ. 20 ದಾಟಿದವರಲ್ಲಿ 11.4%. ಬಿಪಿ 35.5%. ವಯಸ್ಸಾದಂತೆ ಎರಡೂ ಜಾಸ್ತಿ. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು ಅಂದಮೇಲೆ ಆ ಕಾಲಮ್ಮು ತುಂಬದೆ ಇನ್ನೇನಾಗುತ್ತೆ?

ಹಾಗಂತ ಅಪಾಯ ಸುಳ್ಳು ಅಂತ ವಾದಿಸೋಕೆ ಹೊರಟಿಲ್ಲ. ಅಪಾಯ ಇತ್ತು. ಇಂಗ್ಲೆಂಡಿನಲ್ಲಿ 6 ಕೋಟಿಗೂ ಹೆಚ್ಚು ಜನರ ದಾಖಲೆ ಹಿಡಿದು 2020ರಲ್ಲೇ ಒಂದು ಅಧ್ಯಯನ ಬಂತು. ಕೋವಿಡ್‌ನಿಂದ ಆಸ್ಪತ್ರೆಯಲ್ಲಿ ಸಾಯುವ ಸಂಭವ ಟೈಪ್ 2 ಇದ್ದವರಿಗೆ ಹೆಚ್ಚುಕಮ್ಮಿ 2 ಪಟ್ಟು, ಟೈಪ್ 1 ಇದ್ದವರಿಗೆ 3.5 ಪಟ್ಟು ಅಂತ. ನಮ್ಮ ಚಾನೆಲ್ಲುಗಳಿಗೆ ಇಷ್ಟೇ ಸಾಕಾಯ್ತು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು: 40ರೊಳಗಿನವರಿಗೆ, ಮಧುಮೇಹ ಇದ್ದರೂ, ಒಟ್ಟಾರೆ ಅಪಾಯ ತೀರಾ ಕಡಿಮೆ. ಅದರ ಜೊತೆಯಲ್ಲೇ ಬಂದ ಇನ್ನೊಂದು ಅಧ್ಯಯನ, ಸಕ್ಕರೆ ಹತೋಟಿ ತಪ್ಪಿದಷ್ಟೂ ಅಪಾಯ ಹೆಚ್ಚು ಅಂತ ತೋರಿಸಿತ್ತು. ಅಂದರೆ ಕೈಯಲ್ಲಿ ಮಾಡಬಹುದಾದ್ದು ಏನೋ ಇದೆ ಅಂತಾಯ್ತಲ್ಲ? ಆ ಅರ್ಧ ಸುದ್ದಿಯನ್ನ ಯಾವ ಬ್ರೇಕಿಂಗ್ ನ್ಯೂಸೂ ಓದಲಿಲ್ಲ.

ಈಗ ನಮ್ಮಮ್ಮನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಸಿಟ್ಟೆಲ್ಲ ಅಲ್ಲಿಂದಲೇ ಬಂದಿದ್ದು. ಅಮ್ಮ ಇರೋದು ಅರಸೀಕೆರೆಯಲ್ಲಿ. ಶುಗರ್ ಗೊತ್ತಾಗಿದ್ದು 2008ರಲ್ಲಿ. ಬೆಳಿಗ್ಗೆ ಎದ್ದು ಒಂದು ಗಂಟೆ ನಡಿಗೆ, ಎರಡು ಹೊತ್ತು ಮಾತ್ರೆ, ರಾಗಿಮುದ್ದೆ ಸಣ್ಣದು, ಹಬ್ಬಕ್ಕೆ ಅರ್ಧ ಹೋಳಿಗೆ. ಹನ್ನೆರಡು ವರ್ಷ ತನ್ನ ಪಾಡಿಗೆ ತಾನು ಅದನ್ನ ಸಂಭಾಳಿಸಿಕೊಂಡು ಬಂದಿದ್ದ ಹೆಂಗಸು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯ್ತು, ನಾನು ಲ್ಯಾಪ್‌ಟಾಪು ಹಿಡ್ಕೊಂಡು ಊರಲ್ಲೇ ಉಳಿದೆ. ಹಾಗಾಗಿ ಮುಂದಿನದ್ದೆಲ್ಲ ಕಣ್ಣಾರೆ ಕಂಡಿದ್ದು.

ಮೊದಲು ನಿಂತಿದ್ದು ನಡಿಗೆ. ಆಮೇಲೆ ಹಾಲಿನವನಿಂದ ಹಿಡಿದು ದೂರದ ನೆಂಟರವರೆಗೆ ಎಲ್ಲರದ್ದೂ ಒಂದೇ ಮಾತು, ‘ನಿಮಗೆ ಶುಗರ್ ಬೇರೆ ಐತಲ್ಲಕ್ಕಾ, ಹುಷಾರು ಕಣಕ್ಕ.’ ಹುಷಾರು ಅಂದರೆ ಏನು ಮಾಡಬೇಕು ಸ್ವಾಮಿ? ಅದನ್ನ ಹೇಳಿದವರು ಒಬ್ಬರೂ ಇಲ್ಲ. ಜ್ವರ ಬಂದರೆ ಮಾತ್ರೆ ನಿಲ್ಲಿಸಬೇಕಾ, ಮುಂದುವರಿಸಬೇಕಾ? ಊಟ ಸೇರದಿದ್ದರೆ? ಇನ್ಸುಲಿನ್ ತಗೊಳ್ಳೋರು ಎಷ್ಟು ಹೊತ್ತಿಗೊಮ್ಮೆ ಚೆಕ್ ಮಾಡಬೇಕು? ಇದು ಹುಷಾರಿನ ಮಾತು. ಬರೀ ‘ಹುಷಾರು’ ಅನ್ನೋದು, ಹೆದರಿಕೋ ಅನ್ನೋದಕ್ಕೆ ನಾವು ಇಟ್ಟುಕೊಂಡಿರೋ ಮರ್ಯಾದೆಯ ಹೆಸರು.

ಒಂದು ದಿನ ನೋಡ್ತೀನಿ, ಗ್ಲುಕೋಮೀಟರ್ ಅದರ ಜಾಗದಲ್ಲಿಲ್ಲ. ಬೀರುವಿನ ಮೇಲೆ, ಹಳೇ ಕ್ಯಾಲೆಂಡರುಗಳ ಹಿಂದೆ ಸೇರಿದೆ. ಯಾಕಮ್ಮ ಅಂದರೆ, ‘ನೋಡುದ್ರೆ ಜಾಸ್ತಿ ಇರ್ತದೆ. ಜಾಸ್ತಿ ಇದ್ರೆ ಹೆದ್ರಿಕೆ ಆಯ್ತದೆ. ಹೆದರುದ್ರೆ ಇನ್ನೂ ಜಾಸ್ತಿ ಆಯ್ತದೆ. ನೋಡ್ದೆ ಇರೋದೇ ವಾಸಿ ಕಣಪ್ಪ.’

ನಗಬೇಡಿ. ಆ ಮಾತಿನ ಮೊದಲ ಮೂರು ವಾಕ್ಯ ಪಕ್ಕಾ ವೈದ್ಯಶಾಸ್ತ್ರ. ಭಯವಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಸುರಿಸುತ್ತೆ. ಓಡೋದಕ್ಕೆ ಶಕ್ತಿ ಬೇಕಲ್ಲ, ಅದಕ್ಕೆ ಲಿವರಿನಿಂದ ಸಕ್ಕರೆ ರಕ್ತಕ್ಕೆ ಬರುತ್ತೆ. ನನಗೂ ನಿಮಗೂ ಅದನ್ನ ಇಳಿಸೋ ಇನ್ಸುಲಿನ್ ಕೂಡಲೇ ಬರುತ್ತೆ, ಅವರಿಗೆ ಬರಲ್ಲ. ಹೆದರಿಸೋದು ಸಕ್ಕರೆ ಏರಿಸೋ ಕೆಲಸ ಅಂತ ಇದಕ್ಕಿಂತ ನೇರವಾಗಿ ಹೇಳೋಕೆ ನನಗೆ ಬರಲ್ಲ.

ರಾತ್ರಿಗಳು ಇನ್ನೂ ಕೆಟ್ಟವು. ನಡುರಾತ್ರಿ ಎಚ್ಚರವಾಗಿ ಕೈ ನಡುಕ, ಮೈಯೆಲ್ಲ ಬೆವರು, ಎದೆ ಡವಡವ. ಶುಗರ್ ಇಳಿದಾಗಲೂ ಇದೇ ಆಗೋದು, ಭಯ ಅಮರಿಕೊಂಡಾಗಲೂ ಇದೇ ಆಗೋದು. ಅಮ್ಮ ತಗೊಳ್ಳೋ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಇದೆ, ಅದು ಕೆಲವೊಮ್ಮೆ ಸಕ್ಕರೆಯನ್ನ ತೀರಾ ಇಳಿಸಿಬಿಡಬಹುದು. ಯಾವುದು ಅಂತ ಹೇಳಬಲ್ಲದ್ದು ಮೀಟರ್ ಒಂದೇ, ಅದು ಬೀರುವಿನ ಮೇಲೆ! ಹಾಗಾಗಿ ಎದ್ದು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ಮಲಗೋದು. ಬೆಳಿಗ್ಗೆ ತಲೆ ಭಾರ, ಸುಸ್ತು, ಶುಗರ್ ಏರಿದೆ ಅನ್ನೋ ಅನುಮಾನ, ಮತ್ತೆ ಸಂಜೆ ಬುಲೆಟಿನ್ನು. ಇದನ್ನ ಯಾವ ಕಾಲಮ್ಮಿನಲ್ಲಿ ಬರೀತೀರಿ?

ಈಗ ಲಸಿಕೆಯ ಕಥೆ ಕೇಳಿ. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ, ಮತ್ತು 45 ದಾಟಿ ಬೇರೆ ಕಾಯಿಲೆ ಇದ್ದವರಿಗೆ ಲಸಿಕೆ ಅಂತ ಕೇಂದ್ರ ಸರ್ಕಾರ ಘೋಷಿಸಿತು. ಅಮ್ಮನಿಗೆ ಆಗ 52. ಒಂದು ವರ್ಷದಿಂದ ‘ನೀನೇ ಮೊದಲು ಹೋಗೋಳು’ ಅಂತ ಇಡೀ ದೇಶ ಹೆದರಿಸಿತ್ತಲ್ಲ, ಹಾಗಿದ್ದ ಮೇಲೆ ಲಸಿಕೆಯೂ ಮೊದಲು ಸಿಗುತ್ತೆ ಅಂತ ಫೈಲು ಹಿಡಿದು ಆಸ್ಪತ್ರೆಗೆ ಹೋದರೆ, ಅಲ್ಲೊಂದು 20 ಕಾಯಿಲೆಗಳ ಪಟ್ಟಿ. ಅದರಲ್ಲಿ ಮಧುಮೇಹಕ್ಕೆ ಷರತ್ತು ಏನು ಗೊತ್ತಾ? 10 ವರ್ಷ ದಾಟಿರಬೇಕು ಅಥವಾ ಅದರಿಂದ ಬೇರೆ ತೊಂದರೆ ಆಗಿರಬೇಕು, ‘ಮತ್ತು’ ಬಿಪಿಗೆ ಚಿಕಿತ್ಸೆ ತಗೊಳ್ತಿರಬೇಕು. ಅಮ್ಮನಿಗೆ ಬಿಪಿ ಇಲ್ಲ. ‘ಬಿಪಿ ಇಲ್ವಾ? ಹಂಗಾದ್ರೆ ಬರಲ್ಲಮ್ಮ.’ ಬಿಪಿ ಇಲ್ಲ ಅಂತ ಬೇಜಾರು ಮಾಡಿಕೊಂಡು ಆಟೋ ಹತ್ತಿದವರನ್ನ ನಾನು ಜೀವನದಲ್ಲಿ ಅವತ್ತೊಂದೇ ಸಲ ನೋಡಿದ್ದು. ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ಅಂತಾದಮೇಲೆ ಹಾಕಿಸಿದ್ದಾಯ್ತು, ಇರಲಿ. 45ರೊಳಗಿನ ಟೈಪ್ 1ನವರಿಗೆ ಆ ಪಟ್ಟಿಯೇ ಅನ್ವಯಿಸಲಿಲ್ಲ. ಸತ್ತವರ ಟೇಬಲ್ಲಿನಲ್ಲಿ ಎರಡಕ್ಷರದ ‘ಡಿಎಂ’ ಸಾಕು, ಬದುಕಿದ್ದವರ ಟೇಬಲ್ಲಿನಲ್ಲಿ ಅದರ ಮುಂದೆ ಒಂದು ‘ಮತ್ತು’ ಬೇಕು. ಈ ಲಾಜಿಕ್ ಬರೆದವರ ಕೋಡನ್ನ ರಿವ್ಯೂ ಮಾಡೋ ಭಾಗ್ಯ ನನಗೆ ಸಿಗಲಿಲ್ಲ.

ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಬಂತು. ಕಣ್ಣು ತೆಗೆದ ಮುಖಗಳ ಫೋಟೋಗಳು ಮನೆಮನೆಯ ಗ್ರೂಪುಗಳಲ್ಲಿ ಓಡಾಡಿದವು, ಕೆಳಗೆ ‘ಸಕ್ಕರೆ ಕಾಯಿಲೆ ಇದ್ದವರೇ ಎಚ್ಚರ’. ಹತೋಟಿ ತಪ್ಪಿದ ಸಕ್ಕರೆಗೂ ಆ ಶಿಲೀಂಧ್ರಕ್ಕೂ ನಂಟಿರೋದು ಹೌದು. ಆದರೆ ಸಕ್ಕರೆ ಹತೋಟಿ ತಪ್ಪಿದ್ದು ಹೇಗೆ? ಡೆಕ್ಸಾಮೆಥಸೋನ್ ಥರದ ಸ್ಟಿರಾಯ್ಡ್ ಸಕ್ಕರೆ ಏರಿಸುತ್ತೆ. ಅದು ಉಪಯೋಗಕ್ಕೆ ಬರೋದು ಆಕ್ಸಿಜನ್ ಬೇಕಾದವರಿಗೆ ಮಾತ್ರ ಅಂತ 2020ರ ಜೂನಿನಲ್ಲೇ ಬ್ರಿಟನ್ನಿನ ರಿಕವರಿ ಪ್ರಯೋಗ ಹೇಳಿತ್ತು. ಆದರೂ ಮನೆಯಲ್ಲಿ ಮಲಗಿದ್ದವರಿಗೆ ವಾಟ್ಸಾಪ್ ಚೀಟಿಯಲ್ಲಿ ಸ್ಟಿರಾಯ್ಡ್ ಹೋಯ್ತು. ಸ್ಟಿರಾಯ್ಡ್ ದುರ್ಬಳಕೆಯೇ ದೊಡ್ಡ ಕಾರಣ ಅಂತ ಆಗ ದೆಹಲಿ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ ಅದೇ ಮೇನಲ್ಲಿ ಹೇಳಿದರು. ಬರೆದುಕೊಟ್ಟವರ ತಪ್ಪಿಗೆ ತಲೆ ತಗ್ಗಿಸಿದವರು ಮಾತ್ರ ಕಾಯಿಲೆಯವರು.

ತಲೆ ತಗ್ಗಿಸೋ ಅಭ್ಯಾಸ ಅವರಿಗೆ ಮೊದಲಿಂದಲೂ ಇದೆ ಬಿಡಿ. ‘ಸಿಹಿ ತಿಂದು ತಿಂದು ಬರಿಸಿಕೊಂಡಿದ್ದು’ ಅಂತ ಮದುವೆಮನೆ ಪಂಕ್ತಿಯಲ್ಲೇ ಕೂತು ಹೇಳ್ತೀವಿ. ಟೈಪ್ 1 ಇರೋ ಎಂಟು ವರ್ಷದ ಮಗುವಿನ ಅಮ್ಮನಿಗೂ ಇದನ್ನೇ ಹೇಳೋರಿದ್ದಾರೆ, ಅದಕ್ಕೂ ಸಿಹಿಗೂ ಸಂಬಂಧವೇ ಇಲ್ಲದಿದ್ದರೂ.

ಇದರಲ್ಲಿ ನನಗೆ ತೀರಾ ಕಸಿವಿಸಿ ಆಗೋದು, ಈ ನರಳಾಟಕ್ಕೆ ವೈದ್ಯಲೋಕದಲ್ಲಿ ಒಂದು ಹೆಸರಿದೆ ಅನ್ನೋದು. ‘ಡಯಾಬಿಟಿಸ್ ಡಿಸ್ಟ್ರೆಸ್’. 1995ರಿಂದಲೇ ಅದನ್ನ ಅಳೆಯೋ ಪ್ರಶ್ನಾವಳಿ ಇದೆ. ಡಿಪ್ರೆಶನ್ ಬೇರೆ, ಇದು ಬೇರೆ. ದಿನಾ ಲೆಕ್ಕ ಹಾಕಿ ತಿನ್ನೋದು, ದಿನಾ ನಂಬರಿನ ಮುಂದೆ ನಿಲ್ಲೋದು, ಎಷ್ಟು ಮಾಡಿದರೂ ಸಾಲದು ಅನ್ನಿಸೋದು, ಇದರಿಂದ ಬರೋ ದಣಿವು. ವರ್ಷಕ್ಕೊಮ್ಮೆಯಾದರೂ ಇದನ್ನ ವಿಚಾರಿಸಿ ಅಂತ ಅಮೆರಿಕದ ಡಯಾಬಿಟಿಸ್ ಅಸೋಸಿಯೇಶನ್ ಡಾಕ್ಟರುಗಳಿಗೆ ಹೇಳುತ್ತೆ. ವಿಚಾರಿಸೋಕೆ ಎರಡು ಪ್ರಶ್ನೆ ಸಾಕು. ಈ ಕಾಯಿಲೆ ನಿಭಾಯಿಸೋದೇ ಹೊರಲಾರದ ಹೊರೆ ಅನ್ನಿಸ್ತಿದೆಯಾ? ಅದರಲ್ಲಿ ನಾನು ಸೋಲ್ತಾ ಇದ್ದೀನಿ ಅನ್ನಿಸ್ತಿದೆಯಾ? 2008ರಿಂದ ಅಮ್ಮನನ್ನ ನೋಡಿದ ಡಾಕ್ಟರುಗಳು ನಾಲ್ಕು ಜನ. ಎಚ್‌ಬಿಎ1ಸಿ ಕೇಳಿದ್ದಾರೆ, ಕಾಲು ನೋಡಿದ್ದಾರೆ, ಕಣ್ಣು ತೋರಿಸಿ ಅಂದಿದ್ದಾರೆ, ಬೈದಿದ್ದಾರೆ. ಈ ಎರಡು ಪ್ರಶ್ನೆ ಕೇಳಿಲ್ಲ.

ಸಹಾಯವಾಣಿ ಇರಲಿಲ್ವಾ ಅಂತ ಕೇಳಬಹುದು. ಇತ್ತು. 2020ರಲ್ಲೇ ನಿಮ್ಹಾನ್ಸ್ ಶುರು ಮಾಡಿತ್ತು, 2022ರ ಅಕ್ಟೋಬರಿನಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಿಗುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಒಳ್ಳೇ ಕೆಲಸ, ಮೆಚ್ಚಬೇಕು. ಆದರೆ ಶುಗರ್ ಇರೋರಿಗೆ ಆ ನಂಬರು ಹೇಳಬೇಕಾದ್ದು ಯಾರು? ಶುಗರಿನ ಡಾಕ್ಟರೇ ತಾನೇ? ನಾನು ಹೇಳಿದಾಗ ಅಮ್ಮ ಅಂದಿದ್ದು, ‘ನಂಗೇನ್ ತಲೆ ಕೆಟ್ಟಿದ್ಯಾ?’ ಅದೇ ಮಾತು ಸ್ಟೆಥಾಸ್ಕೋಪ್ ಹಾಕಿಕೊಂಡವರ ಬಾಯಿಂದ, ಮಾತ್ರೆ ಚೀಟಿಯ ಕೆಳಗೆ ಬರೆದು ಬಂದಿದ್ದರೆ ಅಮ್ಮ ಫೋನ್ ಮಾಡುತ್ತಿದ್ದರು ಅಂತ ಬೆಟ್ ಕಟ್ಟಬಲ್ಲೆ.

ಮುಂದೊಂದು ಸಾಂಕ್ರಾಮಿಕ ಬಂದೇ ಬರುತ್ತೆ, ಆಗಲೂ ಟೇಬಲ್ಲು ಬರುತ್ತೆ. ಇಲಾಖೆಯವರು ಆ ಕಾಲಮ್ಮನ್ನ ಡಾಕ್ಟರುಗಳಿಗೆ ಕೊಡಲಿ. ನಮಗೆ ಕೊಡೋದಾದರೆ ಛೇದ ಸಮೇತ ಕೊಡಲಿ, ಜ್ವರ ಬಂದ ದಿನ ಏನು ಮಾಡಬೇಕು ಅನ್ನೋ ನಾಲ್ಕು ಸಾಲು ಅದರ ಕೆಳಗೇ ಹಾಕಲಿ. ಅಷ್ಟರೊಳಗೆ ‘ಶುಗರ್ ಇತ್ತಾ?’ ಅಂತ ಫೋನಿನಲ್ಲಿ ಕೇಳೋರು, ಫೋನಿನ ಆಚೆ ಇರೋರಿಗೂ ಶುಗರ್ ಇರಬಹುದು ಅಂತ ಒಂದು ಕ್ಷಣ ಯೋಚಿಸಲಿ.

ಮೀಟರ್ ಈಗ ಟೀವಿ ಪಕ್ಕ ವಾಪಸ್ ಬಂದಿದೆ, ವಾರಕ್ಕೆರಡು ಸಲ ಅಮ್ಮನೇ ನೋಡಿಕೊಳ್ತಾರೆ. ಸ್ಟ್ರಿಪ್ಪಿನ ರೇಟಿನ ಬಗ್ಗೆ ಮಾತ್ರ ದಿನಾ ಜಗಳ. ಮುಂದಿನ ಚೆಕಪ್ಪು ಬರುವ ತಿಂಗಳು. ಆ ಎರಡು ಪ್ರಶ್ನೆಗಳನ್ನ ಕನ್ನಡದಲ್ಲಿ ಪ್ರಿಂಟ್ ಹಾಕಿಸಿ ಫೈಲಿನಲ್ಲಿ ರಿಪೋರ್ಟುಗಳ ಮೇಲೆ ಇಟ್ಟಿದ್ದೇನೆ. ಡಾಕ್ಟರು ಏನಂತಾರೋ ನೋಡೋಣ.