ಶರತ್ಕಾಲದ ಹಬ್ಬಗಳೂ ವಲಸೆ ಹೋದ ನಮ್ಮ ಮಕ್ಕಳೂ

ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಹೊರನಾಡಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಇಂದು ವಿರಳ. ಒಂದು ಕಾಲಕ್ಕೆ ಮುಂಬಯಿ, ಅನಂತರ ಕೊಲ್ಲಿ ರಾಷ್ಟ್ರಗಳು, ಈಗ ಕೆನಡ, ಅಮೆರಿಕ. ಕೊಲ್ಲಿಗೆ ಹೋದವರು ಎಂದಾದರೊಂದು ದಿನ ಮರಳುವ ನಿರೀಕ್ಷೆಯಲ್ಲಿರುತ್ತಾರೆ. ಟೊರಾಂಟೊ, ಮಿಸಿಸಾಗಗಳಲ್ಲಿ ನೆಲಸಿದವರಾದರೋ ಅಲ್ಲಿಯೇ ಮನೆ ಕೊಂಡು ಮಕ್ಕಳನ್ನು ಬೆಳೆಸುತ್ತಾರೆ. ತಂದೆತಾಯಂದಿರಿಗೆ ಅದು ಪರದೇಶ. ಆ ಮಕ್ಕಳಿಗೆ ಅದೇ ತಾಯ್ನಾಡು. ಆದುದರಿಂದಲೇ ಸೆಪ್ಟೆಂಬರಿನಲ್ಲಿ ಅಲ್ಲಿನ ಮರಗಳ ಎಲೆ ಕೆಂಪಾಗತೊಡಗಿದಾಗ ಆ ಮನೆಗಳಲ್ಲಿಯೂ, ಇಲ್ಲಿನ ಅಜ್ಜ ಅಜ್ಜಿಯರ ಮನದಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಪುಟ್ಟ ಮಕ್ಕಳು ಯಾವ ಹಬ್ಬವನ್ನು ಆಚರಿಸಬೇಕು, ಯಾವುದನ್ನು ಬಿಡಬೇಕು?

ಅಲ್ಲಿನ ಶರತ್ಕಾಲವೆಂದರೆ ಹಬ್ಬಗಳ ಸಾಲು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮೋತ್ಸವ, ನಮ್ಮ ಮೊಂತಿ ಹಬ್ಬ. ಅಕ್ಟೋಬರದ ಎರಡನೆಯ ಸೋಮವಾರ ಕೆನಡದ ಕೃತಜ್ಞತಾ ದಿನ. ಅಮೆರಿಕದಲ್ಲಿ ಅದು ನವೆಂಬರಿನ ನಾಲ್ಕನೆಯ ಗುರುವಾರ. ನಡುವೆ ನೆರೆಯ ಹಿಂದೂ, ಸಿಖ್ ಮನೆಗಳ ದೀಪಾವಳಿ. ಅಕ್ಟೋಬರ್ 31ರ ರಾತ್ರಿ ಹ್ಯಾಲೊವೀನ್. ಮರುದಿನ ಸಕಲ ಸಂತರ ಹಬ್ಬ, ಅದರ ಮರುದಿನ ಸಕಲ ಮೃತರ ಸ್ಮರಣೆ. ಇಷ್ಟೆಲ್ಲದರ ನಡುವೆ ಐದು ವರ್ಷದ ಮಗು ಯಾವುದನ್ನು ತನ್ನದೆಂದು ಹೇಳಬೇಕು?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಒಂದು, 'ಎಲ್ಲವನ್ನೂ ಮಾಡಲಿ, ಮಕ್ಕಳಲ್ಲವೆ?' ಎಂಬುದು. ಹೀಗೆ ಹೇಳುವ ಮನೆಗಳಲ್ಲಿ ಅಂಗಡಿಯವರು ಸಾರುವ ಹಬ್ಬಗಳು ಉಳಿಯುತ್ತವೆ. ಯಾವ ಅಂಗಡಿಯೂ ಸಾರದ ಮೊಂತಿ ಹಬ್ಬ ಮೆಲ್ಲನೆ ಮರೆಯಾಗುತ್ತದೆ. ಇನ್ನೊಂದು, 'ಅದು ಭೂತದ ಹಬ್ಬ, ಇದು ಪರಧರ್ಮದ ಹಬ್ಬ, ಬೇಡ' ಎಂಬ ನಿಷೇಧ. ಇದು ಬಹುಮಟ್ಟಿಗೆ ಇಲ್ಲಿಂದ ದೂರವಾಣಿಯ ಮೂಲಕ ಹೋಗುವ ಉತ್ತರ. ಆದರೆ ಬರಿಯ 'ಬೇಡ'ಗಳಿಂದ ಯಾವ ಮಗುವೂ ವಿಶ್ವಾಸವನ್ನು ಕಲಿತದ್ದಿಲ್ಲ. ಮಗು ಕಲಿಯುವುದು ತನ್ನ ಕೈಯಿಂದ ಮಾಡಿದುದನ್ನು, ತನ್ನ ನಾಲಿಗೆ ಸವಿದುದನ್ನು, ತನ್ನ ಮನೆಯವರು ಪ್ರತಿವರ್ಷ ತಪ್ಪದೆ ನಡೆಸಿಕೊಂಡು ಬಂದುದನ್ನು. ಆದುದರಿಂದ ಎಷ್ಟು ಹಬ್ಬಗಳು ಎಂಬುದಕ್ಕಿಂತ, ಯಾವ ಹಬ್ಬಕ್ಕೆ ಮನೆಯೇ ಮೂಲ ಎಂಬುದು ಮುಖ್ಯ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದುದರ ಅರ್ಥವೂ ಇದೇ ಅಲ್ಲವೆ?

ಮೊದಲು ಮೊಂತಿ ಹಬ್ಬದ ವಿಚಾರ. ಹೊರನಾಡಿನ ನಮ್ಮವರ ಸಂಘಗಳು ಇದನ್ನು ಬಾಡಿಗೆಯ ಸಭಾಭವನದಲ್ಲಿ ಅನುಕೂಲವಾದ ಶನಿವಾರವೊ ಭಾನುವಾರವೊ ಆಚರಿಸುತ್ತವೆ. ದುಡಿಯುವ ಜನಕ್ಕೆ ಅದು ಅನಿವಾರ್ಯ, ಆಕ್ಷೇಪಿಸಲಾಗದು. ಆದರೆ ಅಂಥ ಕೂಟ ಮನೆಯ ಹಬ್ಬಕ್ಕೆ ಬದಲಿಯಾಗಲಾರದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬಾಲಮರಿಯಮ್ಮನಿಗೆ ಹೂವೊಪ್ಪಿಸುವ ನೊವೆನಕ್ಕೆ ಸಭಾಭವನ ಬೇಕಿಲ್ಲ. ಮೇಜಿನ ಮೇಲೊಂದು ಸ್ವರೂಪ, ಒಂದು ತಟ್ಟೆ, ಅಂಗಳದ ನಾಲ್ಕು ಹೂವು ಸಾಕು. ಆ ದಿನಗಳಲ್ಲಿ ಕೆನಡದಲ್ಲಿ ಇನ್ನೂ ಹೂವಿನ ಕಾಲ. ಚೆಂಡುಹೂವೂ ಸೇವಂತಿಗೆಯ ಬಳಗದ ಕಾಡುಹೂಗಳೂ ಧಾರಾಳ. ಶಾಲೆ ಪ್ರಾರಂಭವಾಗುವುದೂ ಅದೇ ವಾರ. ಹೊಸ ತರಗತಿಗೆ ಹೆದರುತ್ತಾ ಹೊರಡುವ ಮಗುವಿಗೆ ಬೆಳಗ್ಗೆ ತಾಯಿ ಮರಿಯಮ್ಮನ ಮುಂದೆ ಹೂವಿಟ್ಟು ಹೊರಡುವುದಕ್ಕಿಂತ ದೊಡ್ಡ ಧೈರ್ಯ ಬೇರೆ ಯಾವುದು?

ಹೊಸ ತೆನೆಯ ಮಾತು ತುಸು ಕಷ್ಟದ್ದು. ಹಿಂದೆ ಮುಂಬಯಿಯಲ್ಲಿದ್ದ ಮಕ್ಕಳಿಗೆ ಆಶೀರ್ವದಿಸಿದ ತೆನೆಯ ನಾಲ್ಕು ಕಾಳನ್ನು ಅಂಚೆಯ ಲಕೋಟೆಯಲ್ಲಿ ಕಳುಹಿಸುತ್ತಿದ್ದೆವು. ಸಾಗರದಾಚೆಗೆ ಹಾಗೆ ಕಳುಹಿಸಲು ಆ ದೇಶಗಳ ಸಸ್ಯ ಸಂರಕ್ಷಣೆಯ ನಿಯಮಗಳು ಅಡ್ಡ ಬರುತ್ತವೆ. ಆದರೆ ತೆನೆ ಹಬ್ಬದ ತಿರುಳು ಭತ್ತವೇ ಅಲ್ಲ; ವರ್ಷದ ಮೊದಲ ಫಲವನ್ನು ದೇವರಿಗೊಪ್ಪಿಸಿ, ಅನಂತರ ಹಿರಿಯರ ಕೈಯಿಂದ ಎಲ್ಲರೂ ಪಡೆದು ಉಣ್ಣುವುದು. ಸೆಪ್ಟೆಂಬರಿನಲ್ಲಿ ಒಂಟೇರಿಯೊ ಪ್ರಾಂತ್ಯದಲ್ಲಿ ಸೇಬು ಹಣ್ಣಾಗುತ್ತದೆ, ಮುಸುಕಿನ ಜೋಳ ಕೊಯ್ಲಿಗೆ ಬರುತ್ತದೆ. ಮಹಾಸರೋವರಗಳ ಸುತ್ತಿನ ಕೆರೆಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರು ದೋಣಿಯಲ್ಲಿ ಹೋಗಿ ಬಡಿದು ತರುವ ಕಾಡು ಅಕ್ಕಿಯೂ ಆಗಲೇ ಮಾಗುತ್ತದೆ. 'ಮನೂಮಿನ್' ಎಂದು ಅವರು ಕರೆಯುವ ಆ ಧಾನ್ಯ ನಮ್ಮ ಭತ್ತದ ದೂರದ ನಂಟು. ಅದರ ಕಾಳುಗಳನ್ನು ಬೇಯಿಸಿ, ಪ್ರಾರ್ಥನೆ ಮಾಡಿ, ಹಾಲಿನಲ್ಲಿ ಬೆರೆಸಿ ಮಗುವಿನ ಕೈಗಿತ್ತರೆ ತೆನೆ ಹಬ್ಬ ಆ ಮಣ್ಣಿನಲ್ಲಿಯೂ ಬೇರು ಬಿಡುತ್ತದೆ. ಬೆಸಸಂಖ್ಯೆಯ ತರಕಾರಿಗಳ ಸಸ್ಯಾಹಾರದ ಊಟವಂತೂ ಎಲ್ಲಿಯೂ ಸಾಧ್ಯ. ಅಕ್ಟೋಬರದ ಕೃತಜ್ಞತಾ ದಿನ ಬಂದಾಗ ಆ ಮಗುವಿಗೆ ಹೊಸತಾಗಿ ಏನನ್ನೂ ವಿವರಿಸಬೇಕಾಗಿಲ್ಲ. ಬೆಳೆಗಾಗಿ ದೇವರನ್ನು ವಂದಿಸುವುದೆಂದರೇನೆಂದು ಅದು ಆಗಲೇ ಬಲ್ಲದು.

ಇಲ್ಲಿ ಊರಿನಲ್ಲಿರುವ ನಾವು ಒಂದು ಮಾತನ್ನು ನೆನಪಿಡಬೇಕು. ದಕ್ಷಿಣ ಕನ್ನಡ, ಉಡುಪಿಗಳ ಎಷ್ಟೋ ಗದ್ದೆಗಳು ತೋಟಗಳಾಗಿ, ನಿವೇಶನಗಳಾಗಿ ಮಾರ್ಪಟ್ಟಿವೆ. ಮಂಗಳೂರಿನ ಎಷ್ಟೋ ಮಕ್ಕಳಿಗೆ ತೆನೆಯ ದರ್ಶನವಾಗುವುದು ಇಗರ್ಜಿಯಲ್ಲಿ ಮಾತ್ರ. ಹೀಗಿರುವಾಗ ಹೊರನಾಡಿನವರಿಗೆ ಪರಂಪರೆಯ ಪಾಠ ಹೇಳುವ ಮುನ್ನ ನಮ್ಮ ಧ್ವನಿ ಕೊಂಚ ತಗ್ಗಬೇಕು.

ಇನ್ನು ಹ್ಯಾಲೊವೀನ್. ಆ ಹೆಸರಿನ ಅರ್ಥವೇ ಸಕಲ ಸಂತರ ಹಬ್ಬದ ಮುನ್ನಾ ಸಂಜೆ. ಎಂಟನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗೊರಿಯವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರಿಗೆ ಒಂದು ಪ್ರಾರ್ಥನಾಮಂದಿರವನ್ನು ಅರ್ಪಿಸಿದರು. ಮುಂದಿನ ಶತಮಾನದಲ್ಲಿ ನವೆಂಬರ್ 1ರ ಹಬ್ಬ ಪಶ್ಚಿಮದ ಧರ್ಮಸಭೆಯಲ್ಲಿ ವ್ಯಾಪಕವಾಯಿತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆ ದಿನಗಳಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗಿ, ಮೃತರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ ಸಿಹಿರೊಟ್ಟಿಯನ್ನು ಪಡೆಯುತ್ತಿದ್ದರು. ಐರ್ಲೆಂಡಿನ ಜನ ಗೆಡ್ಡೆ ಕೊರೆದು ದೀಪವಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಹಸಿವಿನಿಂದ ಸಾಗರ ದಾಟಿ ಬಂದಾಗ ಗೆಡ್ಡೆಯ ಸ್ಥಾನಕ್ಕೆ ಅಲ್ಲಿನ ಕುಂಬಳಕಾಯಿ ಬಂತು. ಅಂದರೆ ಇದೂ ವಲಸೆಗಾರರು ತಂದ ಹಬ್ಬ. ನಮ್ಮ ಪೂರ್ವಜರು ಗೋವೆಯಿಂದ ಇತ್ತ ವಲಸೆ ಬಂದಾಗ ತಮ್ಮ ಹಬ್ಬಗಳನ್ನು ಹೊತ್ತು ತಂದಂತೆಯೇ ಅವರೂ ತಂದರು. ಕಾಲಾಂತರದಲ್ಲಿ ಪ್ರಾರ್ಥನೆ ಕಳೆದುಹೋಗಿ ಸಿಹಿ ಮಾತ್ರ ಉಳಿಯಿತು. ನಮ್ಮ ಭಯವೂ ಅದೇ: ನಾಳೆ ನಮ್ಮ ಮೊಂತಿ ಹಬ್ಬದಲ್ಲಿ ಊಟ ಮಾತ್ರ ಉಳಿದೀತು.

ಆದುದರಿಂದ ಆ ಸಂಜೆ ಮಗುವನ್ನು ಕೋಣೆಯಲ್ಲಿ ಕೂರಿಸುವುದು ಪರಿಹಾರವಲ್ಲ. ರಕ್ತ ಸುರಿಯುವ ಮುಖವಾಡ ಬೇಡವೆನ್ನುವ ಹಕ್ಕು ತಂದೆತಾಯಂದಿರಿಗೆ ಇದ್ದೇ ಇದೆ, ಅದನ್ನು ಚಲಾಯಿಸಲಿ. ಮಗು ತನ್ನ ಹೆಸರಿನ ಸಂತರ ವೇಷ ತೊಡಲು ಬಯಸಿದರೆ ಸಂತೋಷ. ಚಿಟ್ಟೆಯ ವೇಷ ತೊಟ್ಟರೂ ಪಾಪವಿಲ್ಲ. ಆದರೆ ಆ ಸಂಜೆಗೆ ಮುಂದಿನ ಎರಡು ದಿನಗಳನ್ನು ಜೋಡಿಸಲಿ. ನವೆಂಬರ್ 1ರಂದು ಬಲಿಪೂಜೆ. ನವೆಂಬರ್ 2ರಂದು ಮೃತರ ನೆನಪು. ಇಲ್ಲಿ ನಾವು ಹೂವು, ಮೇಣದ ಬತ್ತಿ ಹಿಡಿದು ಹಿರಿಯರ ಸಮಾಧಿಗೆ ಹೋಗುತ್ತೇವೆ. ವಲಸೆ ಹೋದ ಮನೆಯ ಮಗುವಿಗೆ ಅಲ್ಲಿ ತನ್ನವರದೆಂಬ ಸಮಾಧಿಯೇ ಇಲ್ಲ. ಈ ಕೊರತೆ ಕಣ್ಣಿಗೆ ಕಾಣದು, ಆದರೆ ಆಳವಾದುದು. ಸತ್ತವರಿಲ್ಲದ ಊರಿನಲ್ಲಿ ಮಗುವಿಗೆ ತನ್ನ ಬೇರು ತಿಳಿಯುವುದು ಹೇಗೆ? ಆ ರಾತ್ರಿ ಒಂದು ದೀಪ ಹಚ್ಚಿ, ಮುತ್ತಜ್ಜ ಮುತ್ತಜ್ಜಿಯರ ಹೆಸರುಗಳನ್ನು ಒಂದೊಂದಾಗಿ ಮಗುವಿನಿಂದಲೇ ಹೇಳಿಸಿ ಪ್ರಾರ್ಥಿಸಲಿ. ಹತ್ತಿರದ ಕಥೋಲಿಕ ಸ್ಮಶಾನಕ್ಕೆ ಹೋಗಿ ಯಾರೂ ಬಾರದ ಹಳೆಯ ಸಮಾಧಿಯೊಂದರ ಮುಂದೆ ಹೂವಿಡಲಿ. ನವೆಂಬರ್ 1ರಿಂದ 8ರವರೆಗೆ ಸ್ಮಶಾನ ಸಂದರ್ಶಿಸಿ ಮೃತರಿಗಾಗಿ ಪ್ರಾರ್ಥಿಸುವವರಿಗೆ ಧರ್ಮಸಭೆ ವಿಶೇಷ ವರಪ್ರಸಾದವನ್ನು ನೀಡುತ್ತದೆ. ಅಲ್ಲಿರುವವರು ನಮ್ಮ ರಕ್ತಸಂಬಂಧಿಗಳೇ ಆಗಿರಬೇಕೆಂಬ ನಿಯಮವಿಲ್ಲ.

ದೀಪಾವಳಿಯ ಬಗ್ಗೆ ಒಂದು ಮಾತು. ಭಾರತೀಯರೆಂದರೆ ಎಲ್ಲರೂ ದೀಪಾವಳಿ ಆಚರಿಸುವವರೆಂದು ಅಲ್ಲಿನ ಅನೇಕರ ಎಣಿಕೆ. ನ್ಯೂಯಾರ್ಕ್ ರಾಜ್ಯದಲ್ಲಿ 2023ರಲ್ಲಿ ಆದ ಕಾನೂನಿನಂತೆ ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳು 2024ರ ನವೆಂಬರ್ 1ರಂದು ಮೊದಲ ಬಾರಿಗೆ ದೀಪಾವಳಿಯ ರಜೆ ಪಡೆದವು. ಅಂದೇ ಸಕಲ ಸಂತರ ಹಬ್ಬ, ಅಂದೇ ನಮ್ಮ ಕನ್ನಡ ರಾಜ್ಯೋತ್ಸವ! 'ನೀನು ಭಾರತದವನಲ್ಲವೆ, ನಿನ್ನ ಹಬ್ಬವಲ್ಲವೆ?' ಎಂದು ಸಹಪಾಠಿ ಕೇಳಿದರೆ ನಮ್ಮ ಮಗು ಏನೆನ್ನಬೇಕು? ನಾಚಬೇಕಾಗಿಲ್ಲ, ಜರೆಯಬೇಕಾಗಿಯೂ ಇಲ್ಲ. 'ಅದು ನಮ್ಮ ನೆರೆಯವರ ಹಬ್ಬ, ನಾವು ಅವರಿಗೆ ಶುಭ ಕೋರುತ್ತೇವೆ. ನಮ್ಮ ಹಬ್ಬ ಸೆಪ್ಟೆಂಬರ್ 8ರಂದು ಆಯಿತು' ಎಂದರಾಯಿತು. ವ್ಯಾಟಿಕನ್ ಕೂಡ 1995ರಿಂದ ಪ್ರತಿವರ್ಷ ಹಿಂದೂ ಬಾಂಧವರಿಗೆ ದೀಪಾವಳಿಯ ಸಂದೇಶ ಕಳುಹಿಸುತ್ತಿದೆ. ನಮ್ಮ ಊರಿನ ಬೇಲಿಗಳ ಮೇಲಿಂದ ಸಿಹಿಯ ತಟ್ಟೆಗಳು ಅದಕ್ಕೂ ಎಷ್ಟೋ ಹಿಂದಿನಿಂದ ದಾಟುತ್ತಾ ಬಂದಿವೆ. ಆದರೆ ಹಾಗೆ ನಿರಾಳವಾಗಿ ಉತ್ತರಿಸಬೇಕಾದರೆ ಮಗುವಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಹಬ್ಬ ಇರಬೇಕು. ತನ್ನ ಮನೆಯಲ್ಲಿ ಹಬ್ಬವುಳ್ಳವನು ನೆರೆಮನೆಯ ಹಬ್ಬಕ್ಕೆ ಹೆದರುವುದಿಲ್ಲ.

ಹೊರನಾಡಿನ ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ: ಶನಿವಾರದ ಕೂಟ ಇರಲಿ, ಆದರೆ ಸೆಪ್ಟೆಂಬರ್ 8 ಯಾವ ವಾರವೇ ಬರಲಿ, ಅದನ್ನು ಮನೆಯಲ್ಲಿ ಬಿಡಬೇಡಿ. ಊರಿನ ಅಜ್ಜ ಅಜ್ಜಿಯರಲ್ಲಿಯೂ ಒಂದು ವಿನಂತಿ. ಅಲ್ಲಿ ಮಗು ಶಾಲೆಗೆ ಹೊರಡುವ ಬೆಳಗಿನ 7 ಗಂಟೆಗೆ ಆ ದಿನ ಇಲ್ಲಿ ಸಂಜೆ 4.30. ಆ ಹೊತ್ತಿಗೆ ದೂರವಾಣಿಯ ಮುಂದೆ ಕುಳಿತಿರಿ. 'ಅದನ್ನು ಮಾಡಬೇಡಿ, ಇದನ್ನು ಮಾಡಬೇಡಿ' ಎನ್ನುವ ಬದಲು, ಮಗು ಹೊಸ ಕಾಳನ್ನು ಬಾಯಿಗಿಡುವ ಮೊದಲು ಹೇಳಬೇಕಾದ ಪ್ರಾರ್ಥನೆಯನ್ನು ನಿಮ್ಮ ಬಾಯಿಂದ ಹೇಳಿಕೊಡಿ. ಅದನ್ನು ಹೇಳಿಕೊಡಬಲ್ಲ ತಲೆಮಾರು ಎಂದೆಂದಿಗೂ ನಮ್ಮೊಡನೆ ಇರುವುದಿಲ್ಲ.