ಕನ್ನಡದಲ್ಲಿ ಆಮಿಷ, ಇಂಗ್ಲಿಷಿನಲ್ಲಿ ಷರತ್ತು

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗುವವರು ದಾರಿಯಲ್ಲಿ ಓದಲೆಂದು ಪುಸ್ತಕ ಒಯ್ಯಬೇಕಾಗಿಲ್ಲ. ರಸ್ತೆಬದಿಯ ಫಲಕಗಳು, ಬಸ್ಸಿನ ಹಿಂಬದಿ, ನಿಲ್ದಾಣದ ಗೋಡೆ, ಎಲ್ಲವೂ ಮಾತನಾಡುತ್ತವೆ. ಸಕ್ಕರೆ ಕಾಯಿಲೆ ಬುಡಸಮೇತ ಗುಣ, ಮೊದಲ ಪ್ರಯತ್ನದಲ್ಲೇ ವೈದ್ಯಕೀಯ ಸೀಟು, ಬ್ಯಾಂಕಿಗಿಂತ ದುಪ್ಪಟ್ಟು ಆದಾಯ! ಇವು ದಾರಿಹೋಕರೆಲ್ಲರನ್ನೂ ಉದ್ದೇಶಿಸಿದ ಮಾತುಗಳೆಂದು ಭಾವಿಸುವುದು ತಪ್ಪು. ಒಂದೊಂದು ಫಲಕಕ್ಕೂ ಒಬ್ಬ ನಿರ್ದಿಷ್ಟ ಓದುಗನಿದ್ದಾನೆ. ಅವನ ಭಯವೋ ಸಂಕೋಚವೋ ಬರೆದವನಿಗೆ ಚೆನ್ನಾಗಿ ತಿಳಿದಿದೆ.

ಭದ್ರಾವತಿಯನ್ನೇ ನೋಡಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಆರಂಭವಾಗಿ 1923ರಲ್ಲಿ ಉತ್ಪಾದನೆಗಿಳಿದ ಕಬ್ಬಿಣದ ಕಾರ್ಖಾನೆ ಮತ್ತು 1937ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಈ ಊರಿಗೆ ತಿಂಗಳ ಸಂಬಳದ ಭದ್ರತೆಯನ್ನು ಕೊಟ್ಟಿದ್ದವು. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ನೌಕರರು ಸ್ವಯಂನಿವೃತ್ತಿ ಪಡೆದರು. ಜೀವಮಾನದ ದುಡಿಮೆ ಒಂದೇ ಮೊತ್ತವಾಗಿ ಕೈಸೇರಿದ ಮನೆಯಲ್ಲಿ ಹಣವಿರುತ್ತದೆ, ವರಮಾನವಿರುವುದಿಲ್ಲ. 'ತಿಂಗಳು ತಿಂಗಳು ಖಚಿತ ಆದಾಯ' ಎಂಬ ಜಾಹೀರಾತು ಹುಡುಕುವುದು ಇಂಥ ಮನೆಯನ್ನೇ. ಮೋಸಹೋದವರನ್ನು ದುರಾಸೆಯವರೆಂದು ಜರೆಯುವುದು ಸುಲಭ. ಆದರೆ 2019ರಲ್ಲಿ ಬೆಂಗಳೂರಿನ ಐಎಂಎ ಹಗರಣದಲ್ಲಿ ಹಣ ಕಳೆದುಕೊಂಡ ಸಾವಿರಾರು ಕುಟುಂಬಗಳಲ್ಲಿ ಅನೇಕವು ಬಡ್ಡಿ ಬೇಡವೆಂಬ ಧಾರ್ಮಿಕ ಶ್ರದ್ಧೆಯಿಂದ ಅಲ್ಲಿಗೆ ಹೋದವು ಎಂಬುದನ್ನು ಮರೆಯಬಾರದು. ಅವರನ್ನು ಕೆಡಿಸಿದ್ದು ನಂಬಿಕೆಯೇ ಹೊರತು ದುರಾಸೆಯಲ್ಲ.

ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆಯೇ ಕೆಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ಉದಾಹರಿಸಿ ತೋರಿಸಿದರು. ಕೆಟ್ಟ ಸರಕು ಒಳ್ಳೆಯದನ್ನು ಹೊರದಬ್ಬುತ್ತದೆ. ನಮ್ಮಲ್ಲಿ ಪ್ರಾಮಾಣಿಕ ವೈದ್ಯನೂ ಪ್ರಾಮಾಣಿಕ ಪಾಠಶಾಲೆಯೂ ಫಲಕಗಳ ಅಬ್ಬರದಲ್ಲಿ ಮೂಲೆಗುಂಪಾಗುವುದು ಇದೇ ಕಾರಣಕ್ಕೆ.

ಇನ್ನೊಂದು ಬಗೆಯ ಜಾಹೀರಾತು ವಂಚಿಸುವುದಕ್ಕೆ ಮುನ್ನ ಅವಮಾನಿಸುತ್ತದೆ. ಕಪ್ಪು ಬಣ್ಣದ ಹುಡುಗಿಗೆ ಕೆಲಸವೂ ಇಲ್ಲ, ವರನೂ ಇಲ್ಲ ಎಂದು ಸಾರುತ್ತಿದ್ದ ಫೇರ್ ಅಂಡ್ ಲವ್ಲಿಯ ಜಾಹೀರಾತುಗಳು ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ಹೋರಾಟದ ನಂತರ 2003ರಲ್ಲಿ ತೆರೆಯಿಂದ ಹಿಂದೆ ಸರಿದವು. ಹೆಸರಿನಿಂದ 'ಫೇರ್' ಎಂಬ ಪದ ಬಿಡಲು ಕಂಪನಿಗೆ 2020ರವರೆಗೆ ಕಾಲ ಬೇಕಾಯಿತು. ಮನೆಯಲ್ಲಿ ಕೂತು ಅದನ್ನು ನೋಡಿ ಬೆಳೆದ ಹೆಣ್ಣುಮಕ್ಕಳ ಲೆಕ್ಕ ಯಾವ ಕಡತದಲ್ಲಿಯೂ ಸಿಗುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಮಧುಮೇಹ, ಕ್ಯಾನ್ಸರ್ ಮುಂತಾದ ಕಾಯಿಲೆಗಳನ್ನು ಗುಣಪಡಿಸುವುದಾಗಿ ಔಷಧಿಗಳ ಜಾಹೀರಾತು ನೀಡುವುದು 1954ರ ಕಾಯ್ದೆಯಂತೆಯೇ ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರ ಕೊಟ್ಟಿದೆ. ಪ್ರಚಾರಕ್ಕೆ ಮುಖ ಕೊಡುವ ತಾರೆಯರೂ ಇದಕ್ಕೆ ಹೊರತಲ್ಲ. ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಮ್ಮ ಗಮನಕ್ಕೆ ತೀರಾ ಅರ್ಹವಾದ ಒಂದು ನಿಯಮವಿದೆ: ಆಶ್ವಾಸನೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕು. ದಪ್ಪ ಕನ್ನಡದಲ್ಲಿ ಆಸೆ ತೋರಿಸಿ, ಅಡಿಯಲ್ಲಿ ಇರುವೆಸಾಲಿನಂಥ ಇಂಗ್ಲಿಷಿನಲ್ಲಿ ನುಣುಚಿಕೊಳ್ಳುವ ಫಲಕ ಈ ನಿಯಮದ ನೇರ ಉಲ್ಲಂಘನೆ. ಕನ್ನಡದ ಹೆಸರಿನಲ್ಲಿ ನಾಮಫಲಕಗಳನ್ನು ಕಾಯುವ ನಮ್ಮ ಸಂಘಟನೆಗಳು ಇತ್ತಲೂ ಒಮ್ಮೆ ಕಣ್ಣು ಹಾಯಿಸಬಹುದಿತ್ತು.

ಪತ್ರಿಕೆಗಳೂ ಈ ಮಾತಿನಿಂದ ಹೊರಗಿಲ್ಲ; ಈ ಲೇಖನ ಅಚ್ಚಾಗುವ ಪುಟದ ಖರ್ಚನ್ನು ಭರಿಸುವುದೂ ಜಾಹೀರಾತೇ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆಯ ಪ್ರಕಾರ, ಅಂಥ ಯೋಜನೆಯ ಜಾಹೀರಾತು ಪ್ರಕಟಿಸಿದ ಪತ್ರಿಕೆಗೆ ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ, ಉಚಿತವಾಗಿ ತಿದ್ದುಪಡಿ ಪ್ರಕಟಿಸುವಂತೆ ಸರ್ಕಾರ ನಿರ್ದೇಶಿಸಬಹುದು. ಮುಖಪುಟದ ಆಮಿಷಕ್ಕೆ ಹದಿಮೂರನೆಯ ಪುಟದ ಸ್ಪಷ್ಟನೆ ಸಾಲದು.

ಆಡಳಿತದ ಒಳಗಿದ್ದವನಾಗಿ ಒಂದು ಅಂಶವನ್ನು ಒತ್ತಿ ಹೇಳಬೇಕೆನಿಸುತ್ತದೆ. ಗ್ರಾಹಕ ಕಾಯ್ದೆ ಎಂದೊಡನೆ ದೆಹಲಿಯತ್ತ ನೋಡುವುದು ನಮ್ಮ ರೂಢಿ. ಆದರೆ ಅದರ 16ನೇ ಕಲಮು, ದೂರು ಬಂದಾಗ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ವಿಚಾರಣೆ ನಡೆಸಿ ಪ್ರಾಧಿಕಾರಕ್ಕೆ ವರದಿ ನೀಡುವ ಅಧಿಕಾರವನ್ನು ಜಿಲ್ಲಾಧಿಕಾರಿಗೇ ಕೊಟ್ಟಿದೆ. ದೂರನ್ನು ಬರಹದಲ್ಲಿ ಕೊಡಬಹುದು, ವಿದ್ಯುನ್ಮಾನ ರೂಪದಲ್ಲಿಯೂ ಕಳಿಸಬಹುದು. ಮಳೆ, ಪಡಿತರ, ಚುನಾವಣೆಗಳ ನಡುವೆ ಈ ಕಲಮು ಕಚೇರಿಯ ಮೇಜಿನ ಮೇಲೆ ತಾನಾಗಿ ಬರುವುದಿಲ್ಲ, ಅದನ್ನು ಅಲ್ಲಿಗೆ ತರುವುದು ಜನರ ಅರ್ಜಿ ಮಾತ್ರ. ಫಲಕಗಳಿಗೆ ಪರವಾನಗಿ ಕೊಡುವ ಶಿವಮೊಗ್ಗ ಮಹಾನಗರ ಪಾಲಿಕೆ ಮತ್ತು ಭದ್ರಾವತಿ ನಗರಸಭೆ ಬಾಡಿಗೆ ಬಾಕಿಯನ್ನಷ್ಟೇ ಅಲ್ಲದೆ ಬರಹವನ್ನೂ ಪರಿಶೀಲಿಸುವ ಷರತ್ತು ಹಾಕಲು ದೊಡ್ಡ ವೆಚ್ಚವೇನೂ ತಗಲದು. ಫಲಕದ ಒಂದು ಛಾಯಾಚಿತ್ರ, ಅದಿರುವ ಜಾಗ, ನೋಡಿದ ದಿನಾಂಕ, ಇಷ್ಟನ್ನು ಸೇರಿಸಿ ಒಂದು ಪುಟದ ಅರ್ಜಿ ಬರೆಯುವುದು ನಿವೃತ್ತರಾದ ನಮ್ಮಂಥವರಿಗೆ ಒಂದು ಬೆಳಗಿನ ಕೆಲಸ.