ಬಾಂಬು ಬೀಳೋಕೆ ಮುಂಚಿನ ಕೆನ್ ಜಾನ್ಸನ್

ಭಾಗ 1

ಫೋಟೊದಲ್ಲಿರೋ ಆಳನ್ನ ಸರಿಯಾಗಿ ನೋಡಿ. ಬಿಳಿ ಕೋಟು, ಕೈಯಲ್ಲಿ ಬ್ಯಾಟನ್, ಆರಡಿ ನಾಲ್ಕಿಂಚು ಎತ್ತರ. ಹೆಸರು ಕೆನ್ ಜಾನ್ಸನ್. ಲಂಡನ್ನಿನ ಜನ ಕರೀತಿದ್ದದ್ದು ‘ಸ್ನೇಕ್‌ಹಿಪ್ಸ್’ ಅಂತ. ಹಾವಿನ ಹಾಗೆ ಬಳುಕೋ ಸೊಂಟದವನು.

ಈ ಹೆಸರನ್ನ ಎಲ್ಲೇ ಹುಡುಕಿ, ಮೊದಲು ಸಿಗೋದು ಅವನ ಸಾವು. 1941ರ ಮಾರ್ಚ್ 8, ಶನಿವಾರ ರಾತ್ರಿ. ಪಿಕಡಿಲಿ ಹತ್ತಿರದ ಕಫೆ ಡಿ ಪ್ಯಾರಿಸ್ ಅನ್ನೋ ನೈಟ್‌ಕ್ಲಬ್. ಬ್ಯಾಂಡ್ ನುಡಿಸ್ತಾ ಇದೆ, ಜನ ಕುಣೀತಾ ಇದ್ದಾರೆ, ಜರ್ಮನ್ ಬಾಂಬು ಬಿತ್ತು. ಅವನ ಕೋಟಿಗೆ ಸಿಕ್ಕಿಸಿದ್ದ ಹೂವು ಹಾಗೇ ಇತ್ತಂತೆ ಅನ್ನೋ ಒಂದು ಮಾತನ್ನೂ ಸೇರಿಸಿ ಎಲ್ಲರೂ ಕಥೆ ಮುಗಿಸ್ತಾರೆ.

ನನ್ನ ತಕರಾರು ಇಲ್ಲೇ. ಹೂವಿನ ಕಥೆ ಚೆಂದ ಇದೆ, ಅದಕ್ಕೇ ಅಪಾಯ. ಒಬ್ಬ ಮನುಷ್ಯ ಐದು ವರ್ಷ ಒಂದು ಬ್ಯಾಂಡನ್ನ ಕಟ್ಟಿ, ಒಡೆದು, ಮತ್ತೆ ಕಟ್ಟಿ, ಇಡೀ ಬ್ರಿಟನ್ನಿನ ರೇಡಿಯೋಗೆ ತಲುಪಿಸಿದ. ನಾವು ನೆನಪಿಟ್ಟುಕೊಂಡಿರೋದು ಕೊನೆಯ ಒಂದು ನಿಮಿಷ. ಆ ನಿಮಿಷದಲ್ಲಿ ಅವನದ್ದು ಅಂತ ಏನೂ ಇಲ್ಲ. ಬಾಂಬು ಹಾಕಿದ್ದು ಅವನಲ್ಲವಲ್ಲ!

ಹಾಗಾಗಿ ಈ ಸಲದ ಭಾಗಗಳಲ್ಲಿ ಬಾಂಬು ಕೊನೆಗೆ ಬರುತ್ತೆ, ಅದೂ ಸ್ವಲ್ಪ.

ಭಾಗ 2

ಹುಟ್ಟಿದ್ದು 1914ರಲ್ಲಿ, ಬ್ರಿಟಿಷ್ ಗಯಾನಾದ ಜಾರ್ಜ್‌ಟೌನ್‌ನಲ್ಲಿ. ಕ್ರಿಕೆಟ್ ನೋಡೋರಿಗೆ ಈ ಊರು ಗೊತ್ತಿರುತ್ತೆ. ಬೋರ್ಡಾ ಮೈದಾನದ ಊರು, ಕ್ಲೈವ್ ಲಾಯ್ಡ್ ಊರು. ನಮ್ಮ ದೇಶದಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಅಂತ ಹಡಗು ಹತ್ತಿಸಿಕೊಂಡು ಹೋದವರ ಮೊಮ್ಮಕ್ಕಳು ಇವತ್ತಿಗೂ ಅಲ್ಲಿ ಲಕ್ಷಗಟ್ಟಲೆ ಇದ್ದಾರೆ.

ಜಾನ್ಸನ್‌ನ ಅಪ್ಪ ಡಾಕ್ಟರು. ಅಂಥ ಮನೆಯ ಹುಡುಗ ಏನಾಗಬೇಕು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನೈದರ ಹೊತ್ತಿಗೆ ಇಂಗ್ಲೆಂಡಿನ ಮಾರ್ಲೋ ಊರಿನ ಬೋರ್ಲೇಸ್ ಶಾಲೆಗೆ ಸೇರಿಸಿದ್ರು. ಹುಡುಗ ಪಿಟೀಲು ನುಡಿಸಿದ, ಆ ಎತ್ತರಕ್ಕೆ ತಕ್ಕಂತೆ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಆದ. ಆಮೇಲೆ ಮೆಡಿಕಲ್ ಕಡೆಗೆ ಹೋಗೋ ಬದಲು ಬಡ್ಡಿ ಬ್ರ್ಯಾಡ್ಲಿ ಹತ್ತಿರ ಡ್ಯಾನ್ಸ್ ಕಲಿಯೋಕೆ ಹೋದ. ಬ್ರ್ಯಾಡ್ಲಿ ಅಮೆರಿಕದ ಕಪ್ಪು ನೃತ್ಯ ನಿರ್ದೇಶಕ, ಲಂಡನ್ನಿನ ದೊಡ್ಡ ದೊಡ್ಡ ಶೋಗಳಿಗೆ ಹೆಜ್ಜೆ ಹಾಕಿಸ್ತಿದ್ದವನು.

ಅಲ್ಲಿಂದ ನ್ಯೂಯಾರ್ಕ್. ಹಾರ್ಲೆಮ್‌ನಲ್ಲಿ ಕಪ್ಪು ಬ್ಯಾಂಡುಗಳನ್ನ ಕಣ್ಣಾರೆ ನೋಡಿದ. ಕ್ಯಾಬ್ ಕ್ಯಾಲೊವೇ ವೇದಿಕೆ ಮೇಲೆ ಏನು ಮಾಡ್ತಾನೆ? ಕುಣೀತಾನೆ, ಹಾಡ್ತಾನೆ, ಬ್ಯಾಟನ್ ಬೀಸ್ತಾನೆ. ಹಿಂದೆ ಕೂತವರು ಬೆವರು ಸುರಿಸಿ ನುಡಿಸ್ತಾರೆ, ಮುಂದೆ ನಿಂತವನು ಆ ನಾದಕ್ಕೊಂದು ಮೈ ಕೊಡ್ತಾನೆ. ‘ಸ್ನೇಕ್‌ಹಿಪ್ಸ್’ ಅನ್ನೋ ಹೆಸರೂ ಹಾರ್ಲೆಮ್‌ದೇ. ಅರ್ಲ್ ಟಕರ್ ಅನ್ನೋ ನರ್ತಕನ ಬಿರುದು ಅದು, ಇವನು ತಗೊಂಡು ಬಂದ. ಕದ್ದ ಅಂತೀರಾ? ಅನ್ನಿ. ಆ ಕಾಲದಲ್ಲಿ ಎಲ್ಲರೂ ಎಲ್ಲರಿಂದಲೂ ಕದೀತಿದ್ರು.

ಭಾಗ 3

ಈಗ ಕಥೆಯ ಇರುಸುಮುರುಸಿನ ಭಾಗಕ್ಕೆ ಬರೋಣ. ಜಾನ್ಸನ್‌ನ ಅಭಿಮಾನಿಗಳು ಇದನ್ನ ಒಂದೇ ವಾಕ್ಯದಲ್ಲಿ ದಾಟಿಸಿಬಿಡ್ತಾರೆ. ನಾನು ದಾಟಿಸಲ್ಲ.

ಬ್ಯಾಂಡಿನ ಸಂಗೀತ ಕಟ್ಟಿದ್ದು ಜಾನ್ಸನ್ ಅಲ್ಲ, ಲೆಸ್ಲಿ ಥಾಂಪ್ಸನ್. ಜಮೈಕಾದ ಕಿಂಗ್‌ಸ್ಟನ್‌ನವನು, 1901ರಲ್ಲಿ ಹುಟ್ಟಿದವನು. ವೆಸ್ಟ್ ಇಂಡಿಯಾ ರೆಜಿಮೆಂಟಿನ ಬ್ಯಾಂಡಿನಲ್ಲಿ ಪಳಗಿ, ಇಂಗ್ಲೆಂಡಿನ ನೆಲ್ಲರ್ ಹಾಲ್ ಮಿಲಿಟರಿ ಸಂಗೀತ ಶಾಲೆಯಲ್ಲಿ ಕಲಿತು, 1929ರಲ್ಲಿ ಲಂಡನ್ನಿಗೆ ಬಂದು ನೆಲೆ ನಿಂತ. ಲೂಯಿ ಆರ್ಮ್‌ಸ್ಟ್ರಾಂಗ್ ಯುರೋಪ್ ಸುತ್ತಿದಾಗ ಅವರ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವನು ಈ ಥಾಂಪ್ಸನ್. ಅವನಿಗೊಂದು ಆಸೆ ಇತ್ತು: ಕಪ್ಪು ಕಲಾವಿದರದ್ದೇ ಒಂದು ಬ್ಯಾಂಡ್, ಬ್ರಿಟನ್ನಿನಲ್ಲಿ.

1936ರಲ್ಲಿ ಇಬ್ಬರೂ ಸೇರಿದ್ರು. ಥಾಂಪ್ಸನ್ ಆಟಗಾರರನ್ನ ಹುಡುಕಿ ತಾಲೀಮು ಕೊಟ್ಟ, ಜಾನ್ಸನ್ ಮುಂದೆ ನಿಂತ. ‘ಎಂಪರರ್ಸ್ ಆಫ್ ಜಾಝ್’ ಅಂತ ಹೆಸರು. ಕೆಲವರು ವೆಸ್ಟ್ ಇಂಡೀಸಿನವರು, ಕೆಲವರು ವೇಲ್ಸ್‌ನ ಕಾರ್ಡಿಫ್ ಬಂದರಿನ ಕಪ್ಪು ಕುಟುಂಬಗಳ ಹುಡುಗರು. ಟ್ರಾಂಬೋನ್ ನುಡಿಸೋ ಕಪ್ಪು ಕಲಾವಿದರು ಸಿಗದೆ ಇಬ್ಬರು ಬಿಳಿಯರನ್ನ ಸೇರಿಸಿಕೊಂಡು, ಅವರ ಮುಖಕ್ಕೆ ಕಪ್ಪು ಬಳಿದು ಕೂರಿಸಿದ್ರು! ನಗು ಬರುತ್ತೆ. ಆದ್ರೆ ಸ್ವಲ್ಪ ಯೋಚನೆ ಮಾಡಿ: ಕ್ಲಬ್ಬಿನವರು ದುಡ್ಡು ಕೊಡ್ತಿದ್ದದ್ದು ಕಿವಿಗಷ್ಟೇ ಅಲ್ಲ, ಕಣ್ಣಿಗೂ.

1937ರಲ್ಲಿ ಮುರಿದು ಬಿತ್ತು. ಜಾನ್ಸನ್ ಮತ್ತು ಅವನ ಮ್ಯಾನೇಜರ್ ಕರಾರು ಪತ್ರ ಮುಂದಿಟ್ಟುಕೊಂಡು ಬ್ಯಾಂಡನ್ನ ತಮ್ಮದು ಮಾಡಿಕೊಂಡ್ರು. ಥಾಂಪ್ಸನ್ ಹೊರಗೆ ನಡೆದ, ಅವನ ಜೊತೆ ಇನ್ನೂ ಕೆಲವರು. ಕಾನೂನಿನ ಪ್ರಕಾರ ಸರಿ ಇದ್ದಿರಬಹುದು. ನ್ಯಾಯ ಅಂತ ನಾನಂತೂ ಕರೆಯಲ್ಲ. ಕಟ್ಟಿದವನೊಬ್ಬ, ಬೋರ್ಡಿನ ಮೇಲೆ ಹೆಸರಿದ್ದವನೊಬ್ಬ. ಬೋರ್ಡಿನವನು ಗೆದ್ದ.

ಭಾಗ 4

ಹಾಗಾದ್ರೆ ಜಾನ್ಸನ್ ಬರೀ ಷೋಕಿಯವನಾ? ಹಿಂದಿನ ಭಾಗ ಓದಿದ ಕೆಲವರಿಗೆ ಹಾಗೆ ಅನ್ನಿಸಿರಬಹುದು. ಜಾಝ್ ಪಂಡಿತರಲ್ಲೂ ಈ ಮಾತು ಓಡಾಡುತ್ತೆ: ಅವನಿಗೆ ವಾದ್ಯವೇ ಬರ್ತಿರಲಿಲ್ಲ, ಸಂಗೀತಗಾರನೇ ಅಲ್ಲ, ಕುಣಿಯೋನು ಅಷ್ಟೇ.

ಈ ವಾದ ನನಗೆ ಒಪ್ಪಿಗೆ ಇಲ್ಲ. ಆ ಕಾಲದ ದೊಡ್ಡ ಬಿಳಿ ಲೀಡರ್‌ಗಳನ್ನ ನೋಡಿ. ಜ್ಯಾಕ್ ಹಿಲ್ಟನ್ ಮೂಲತಃ ಪಿಯಾನೋದವನು. ಜನ ಕಂಡದ್ದು ಬ್ಯಾಟನ್ ಹಿಡಿದು ನಿಂತ ಹಿಲ್ಟನ್‌ನನ್ನ. ಆಂಬ್ರೋಸ್ ಪಿಟೀಲುವಾದಕ. ಮೇಫೇರ್ ಹೋಟೆಲಿನಲ್ಲಿ ಹೆಚ್ಚು ಹೊತ್ತು ಮಾಡ್ತಿದ್ದದ್ದು ಬ್ಯಾಂಡ್ ನಡೆಸೋ ಕೆಲಸ. ಇವರನ್ನ ಯಾರೂ ‘ನಿನಗೆ ಏನು ನುಡಿಸೋಕೆ ಬರುತ್ತೆ’ ಅಂತ ಕೇಳಲಿಲ್ಲ. ಲೀಡರ್ ಅಂದ್ರೆ ಯಾರನ್ನ ಸೇರಿಸಬೇಕು, ಯಾವ ಹಾಡು ಆಡಬೇಕು, ಎಷ್ಟು ವೇಗ, ಹೋಟೆಲ್ ಮಾಲೀಕನ ಹತ್ತಿರ ಎಷ್ಟು ಸಂಬಳ, ರೇಡಿಯೋದವರ ಹತ್ತಿರ ಯಾವ ಸಮಯ, ಇಷ್ಟೂ ತಲೇಲಿ ಇಟ್ಟುಕೊಳ್ಳೋನು. ಮೇಳದ ಯಜಮಾನ ಚೆಂಡೆ ಬಾರಿಸಿ ತೋರಿಸಲಿ ಅಂತ ನಾವು ಯಾವತ್ತಾದ್ರೂ ಕೇಳಿದೀವಾ? ಪ್ರಶ್ನೆ ಬಂದದ್ದು ಕುಣಿಯೋ ಕಪ್ಪು ಹುಡುಗನಿಗೆ ಮಾತ್ರ.

ಕೆಲಸದಿಂದಲೇ ಅಳೆಯೋಣ. ಥಾಂಪ್ಸನ್ ಹೋದ ಮೇಲೆ ಬ್ಯಾಂಡು ಅರ್ಧ ಖಾಲಿ. ಜಾನ್ಸನ್ ಕೆರಿಬಿಯನ್‌ನಿಂದಲೇ ಹೊಸಬರನ್ನ ಕರೆಸಿಕೊಂಡ. ಟ್ರಿನಿಡಾಡ್‌ನಿಂದ ಕಾರ್ಲ್ ಬ್ಯಾರಿಟೋ ಬಂದ, ಬ್ರಿಟನ್ನಿನ ಒಳ್ಳೊಳ್ಳೆ ಕ್ಲಾರಿನೆಟ್‌ಗಳಲ್ಲಿ ಅವನದ್ದೂ ಒಂದು ಅಂತ ಆಮೇಲೆ ಹೆಸರು ಮಾಡಿದ. ಬಾರ್ಬಡೋಸ್ ಮೂಲದ ಡೇವ್ ವಿಲ್ಕಿನ್ಸ್ ಟ್ರಂಪೆಟ್ ಜೊತೆ ಬಂದ. ಸ್ಯಾಕ್ಸೊಫೋನಿಗೆ ಡೇವ್ ವಿಲಿಯಮ್ಸ್. ಗಿಟಾರಿಗೆ ಕಾರ್ಡಿಫ್‌ನ ಜೋ ಡೆನಿಜ್. ಟ್ರಂಪೆಟ್ ಸಾಲಿನಲ್ಲಿ ಜಮೈಕಾದ ಲೆಸ್ಲಿ ‘ಜೈವರ್’ ಹಚಿನ್ಸನ್. ಈ ಆಯ್ಕೆ ಒಬ್ಬ ಷೋಕಿಯವನ ಆಯ್ಕೆನಾ? ಕಿವಿ ಇಲ್ಲದವನಿಗೆ ಇಂಥವರು ಸಿಗಲ್ಲ, ಸಿಕ್ಕಿದ್ರೂ ನಿಲ್ಲಲ್ಲ.

ಕಾಲವೂ ಅವನ ಕಡೆಗಿತ್ತು, ಅದನ್ನೂ ಹೇಳಬೇಕು. 1930ರ ದಶಕದ ನಡುವಿನ ಹೊತ್ತಿಗೆ ಬ್ರಿಟನ್ನಿನ ಕಾರ್ಮಿಕ ಇಲಾಖೆ ಅಮೆರಿಕದ ಬ್ಯಾಂಡುಗಳಿಗೆ ಪರ್ಮಿಟ್ ಕೊಡೋದನ್ನ ನಿಲ್ಲಿಸಿತ್ತು. ಅತ್ತ ಅಮೆರಿಕದವರು ಬ್ರಿಟಿಷ್ ಬ್ಯಾಂಡುಗಳನ್ನ ಒಳಗೆ ಬಿಡ್ತಿರಲಿಲ್ಲ, ಇತ್ತ ಇವರೂ ಬಾಗಿಲು ಹಾಕಿದ್ರು. ಎಲಿಂಗ್ಟನ್ 1933ರಲ್ಲಿ ಬಂದು ಹೋಗಿದ್ರು, ಜನಕ್ಕೆ ರುಚಿ ಹತ್ತಿತ್ತು, ಈಗ ಮಾಲು ಇಲ್ಲ. ಆದ್ರೆ ಟ್ರಿನಿಡಾಡ್, ಜಮೈಕಾ, ಗಯಾನಾದವರಿಗೆ ಪರ್ಮಿಟ್ ಯಾಕೆ ಬೇಕು? ಅವರೂ ಬ್ರಿಟಿಷ್ ಪ್ರಜೆಗಳೇ! ನಮ್ಮನ್ನೂ ಅದೇ ದೊರೆಯ ಪ್ರಜೆಗಳು ಅಂತಲೇ ಬರೆದುಕೊಂಡಿದ್ರಲ್ಲ, ಹಾಗೆ. ಆಳೋರು ಬರೆದ ಕಾಗದವನ್ನ ಅವರ ಊರಿನಲ್ಲೇ ಉಪಯೋಗಕ್ಕೆ ತಗೊಂಡ ಈ ಹುಡುಗರು ನನಗೆ ಬಹಳ ಇಷ್ಟ.

ಭಾಗ 5

ಮೇಫೇರ್‌ನ ಓಲ್ಡ್ ಫ್ಲಾರಿಡಾ ಕ್ಲಬ್ಬಿನಲ್ಲಿ ಬಹಳ ದಿನ ನುಡಿಸಿದ್ರು. 1938ರಲ್ಲಿ ಬಿಬಿಸಿ ಪ್ರಸಾರ. 1939ರ ಅಕ್ಟೋಬರ್‌ನಲ್ಲಿ, ಯುದ್ಧ ಶುರುವಾದ ಮರು ತಿಂಗಳೇ, ಕಫೆ ಡಿ ಪ್ಯಾರಿಸ್. ಬ್ಯಾಂಡಿನ ಹೆಸರು ಈಗ ‘ವೆಸ್ಟ್ ಇಂಡಿಯನ್ ಡ್ಯಾನ್ಸ್ ಆರ್ಕೆಸ್ಟ್ರಾ’. ಆ ಕ್ಲಬ್ಬಿಂದ ರೇಡಿಯೋದಲ್ಲಿ ನೇರ ಪ್ರಸಾರ ಆಗ್ತಿತ್ತು. ಲಂಡನ್ನಿಗೆ ಕಾಲಿಡದ, ಕಪ್ಪು ಮನುಷ್ಯನನ್ನ ಹತ್ತಿರದಿಂದ ನೋಡೇ ಇರದ ಎಷ್ಟೋ ಹಳ್ಳಿ ಮನೆಗಳ ಅಡುಗೆಕೋಣೆಗೆ ಇವರ ಸ್ವಿಂಗ್ ತಲುಪಿತು. ಪರದೆ ಕಟ್ಟಿ ದೀಪ ಆರಿಸಿ ಕೂತ ಜನಕ್ಕೆ ರೇಡಿಯೋನೇ ಊರು, ರೇಡಿಯೋನೇ ಜಾತ್ರೆ.

ವೇದಿಕೆ ಮೇಲೆ ಚಪ್ಪಾಳೆ. ವೇದಿಕೆ ಇಳಿದ್ರೆ? 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲಿನವರು ವೆಸ್ಟ್ ಇಂಡೀಸ್ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್‌ಗೆ ಬಣ್ಣದ ಕಾರಣಕ್ಕೆ ಉಳಿಯೋಕೆ ಬಿಡಲಿಲ್ಲ. ಕಾನ್‌ಸ್ಟಂಟೈನ್ ಕೋರ್ಟಿಗೆ ಹೋಗಿ ಮರುವರ್ಷ ಗೆದ್ರು. ಅಷ್ಟು ದೊಡ್ಡ ಕ್ರಿಕೆಟಿಗನಿಗೇ ಹೀಗೆ ಅಂದ್ಮೇಲೆ, ರಾತ್ರಿ ಎರಡು ಗಂಟೆಗೆ ಸ್ಯಾಕ್ಸೊಫೋನ್ ಪೆಟ್ಟಿಗೆ ಹಿಡಿದು ಬಾಡಿಗೆ ರೂಮು ಹುಡುಕೋನ ಪಾಡು ನೀವೇ ಊಹಿಸಿ. ಜಾನ್ಸನ್‌ಗೆ ಇನ್ನೂ ಒಂದು ಗುಟ್ಟಿತ್ತು. ಅವನ ಸಂಗಾತಿ ಜೆರಾಲ್ಡ್ ಹ್ಯಾಮಿಲ್ಟನ್ ಒಬ್ಬ ಗಂಡಸು. ಇಂಗ್ಲೆಂಡಿನಲ್ಲಿ ಅದು 1967ರವರೆಗೂ ಅಪರಾಧ. ಅಷ್ಟೆಲ್ಲ ಹೊತ್ತುಕೊಂಡು ದಿನಾ ರಾತ್ರಿ ನಗುನಗ್ತಾ ಬಿಳಿ ಕೋಟು ಹಾಕಿ ನಿಲ್ಲೋದು ಷೋಕಿ ಅಲ್ಲ, ದುಡಿಮೆ.

ಸರಿ, ಈಗ ಬಾಂಬು. ಕಫೆ ಡಿ ಪ್ಯಾರಿಸ್ ಇದ್ದದ್ದು ನೆಲದಡಿ ಇಪ್ಪತ್ತು ಅಡಿ ಆಳದಲ್ಲಿ, ಮೇಲೆ ಒಂದು ಸಿನಿಮಾ ಥಿಯೇಟರ್. ಊರಿನಲ್ಲೇ ಸುರಕ್ಷಿತ ಜಾಗ ಅಂತ ಮಾಲೀಕ ಮಾರ್ಟಿನ್ ಪೋಲ್ಸನ್ ಜಾಹೀರಾತು ಕೊಟ್ಟಿದ್ದ. ಬಾಂಬು ಗಾಳಿ ಕೊಳವೆಯ ದಾರಿ ಹಿಡಿದು ಒಳಗೆ ಬಂದು ಬ್ಯಾಂಡಿನ ಮುಂದೆಯೇ ಸಿಡಿಯಿತು. ಕಡಿಮೆ ಅಂದ್ರೂ 34 ಜನ ಸತ್ತರು, ಪೋಲ್ಸನ್ ಕೂಡ. ಬ್ಯಾಂಡಿನಲ್ಲಿ ಜಾನ್ಸನ್ ಮತ್ತು ಡೇವ್ ವಿಲಿಯಮ್ಸ್ ಹೋದ್ರು. ಬ್ಯಾರಿಟೋ, ಡೆನಿಜ್‌ಗೆ ಗಾಯ. ಹೂವಿನ ಕಥೆ ಬಿಡಿ, ಆ ರಾತ್ರಿಯದ್ದು ನನಗೆ ಬೇಕಿರೋದು ಇನ್ನೊಂದು ವಿವರ. ಅವತ್ತು ಸಂಜೆ ಗೆಳೆಯರ ಜೊತೆ ಬೇರೆ ಕಡೆ ಕೂತಿದ್ದವನು, ದಾಳಿ ನಡೀತಿದ್ರೂ, ಕೆಲಸಕ್ಕೆ ತಡ ಆಗಬಾರದು ಅಂತ ಕತ್ತಲಲ್ಲೇ ಓಡಿಕೊಂಡು ಬಂದ. ವಯಸ್ಸು 26.

ಇದಾಗಿ ಆರು ವಾರದೊಳಗೆ, ಏಪ್ರಿಲ್ 17ಕ್ಕೆ, ಗಾಯಕ ಅಲ್ ಬೌಲಿಯೂ ತನ್ನ ಫ್ಲಾಟಿನಲ್ಲಿ ಬಾಂಬಿಗೆ ಸತ್ತ. ಬೌಲಿ ಲಂಡನ್ನಿಗೆ ಬರೋ ಮೊದಲು ಕಲ್ಕತ್ತಾದಲ್ಲಿ ಹಾಡಿದವನು, ಅವನ ಕಥೆ ಇನ್ನೊಮ್ಮೆ.

ಭಾಗ 6

ಬ್ಯಾಂಡು ಅಲ್ಲಿಗೆ ನಿಂತಿತು. ಅದರ ಆಟಗಾರರು ನಿಲ್ಲಲಿಲ್ಲ. ಗಾಯ ಮಾಗಿದವರು ಒಬ್ಬೊಬ್ಬರಾಗಿ ಬಿಳಿಯರ ಬ್ಯಾಂಡುಗಳಿಗೆ ಸೇರಿಕೊಂಡ್ರು. ಯುದ್ಧಕ್ಕೆ ಹೋದವರ ಕುರ್ಚಿಗಳು ಖಾಲಿ ಇದ್ದವು, ಇವರ ಹೆಸರು ರೇಡಿಯೋದಿಂದ ಆಗಲೇ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮುಂಚೆ ಹಾಗೆ ಬೆರೆತು ಕೂರೋದು ಅಪರೂಪ. 1944ರಲ್ಲಿ ಜೈವರ್ ಹಚಿನ್ಸನ್ ಮತ್ತೆ ಕಪ್ಪು ಕಲಾವಿದರದ್ದೇ ಬ್ಯಾಂಡ್ ಕಟ್ಟಿದ. ಜಾನ್ಸನ್‌ನ ಕೆಲಸದ ಫಲ ಅಂದ್ರೆ ನನ್ನ ಲೆಕ್ಕದಲ್ಲಿ ಇದು. ತಟ್ಟೆಗಳಂತೂ ಬೆರಳೆಣಿಕೆ ಉಳಿದಿವೆ. ನಾಯಿ ಗುರುತಿನ ಕಂಪನಿಗೆ 1940ರಲ್ಲಿ ನುಡಿಸಿದ ‘ಟಕ್ಸೀಡೊ ಜಂಕ್ಷನ್’ ಹುಡುಕಿ ಕೇಳಿ. ಆತುರ ಇಲ್ಲದ, ತೂಗಿ ತೂಗಿ ಬರೋ ಲಯ. ಕುಣಿಯೋಕೆ ಬರೋನ ಬ್ಯಾಂಡು ಅಂತ ಗೊತ್ತಾಗುತ್ತೆ.

ಚಿತಾಭಸ್ಮ ಇರೋದು ಬೋರ್ಲೇಸ್ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ. ಅಪ್ಪ ಡಾಕ್ಟರಾಗಲಿ ಅಂತ ಕಳಿಸಿದ ಅದೇ ಶಾಲೆ.

ಕೇಳಿದ ಮೇಲೆ ಕಾಮೆಂಟಿನಲ್ಲಿ ಹೇಳಿ, ಒಪ್ಪದಿದ್ರೂ ಹೇಳಿ. ಬ್ಯಾಂಡು ಯಾರದ್ದು ಅನ್ನೋ ಜಗಳಕ್ಕೆ ನಾನು ತಯಾರು. ಮುಂದಿನ ವಾರ ಲೆಸ್ಲಿ ಥಾಂಪ್ಸನ್: ಟ್ರಂಪೆಟ್ ಕೆಳಗಿಟ್ಟು ಪ್ರೊಬೇಷನ್ ಆಫೀಸರ್ ಆದವನು, ಎಂಬತ್ತು ದಾಟಿದ ಮೇಲೆ ತನ್ನ ಕಥೆಯನ್ನ ತಾನೇ ಹೇಳಿ ಪುಸ್ತಕ ಮಾಡಿಸಿದವನು.